ಹಲ್ಲಿಲ್ಲದ ಸಂದು

ಸಹಕಾರಿ ಡೈರಿಯ ಕಂಪ್ಯೂಟರಿನ ಸರ್ಕ್ಯೂಟ್ ಕಾರ್ಡು ಎರಡನೇ ಸಲವೂ ಸುಟ್ಟು, ತಯಾರಿಸಿದ ಕಾರ್ಖಾನೆಗೆ ವಾಪಸ್ಸು ಬಂದಾಗ ಮುಖ್ಯಸ್ಥ ತ್ಸೋನೆವ್ ಅದನ್ನು ಮೂಸಿ ನೋಡಿ, ವಿನ್ಯಾಸಗಾರ್ತಿ ರಾಲಿತ್ಸಾಳ ನಕ್ಷೆಯ ಮೇಜಿನ ಮೇಲಿಟ್ಟ.

"ಇನ್ನೊಂದು ಸುಟ್ರೆ ನೀನು ಪ್ಯಾಕಿಂಗಿಗೆ ಹೋಗ್ತೀಯಮ್ಮ. ಅಲ್ಲಿ ಬೆಚ್ಚಗಿರುತ್ತೆ, ಜನಾನೂ ಒಳ್ಳೇವ್ರು."

ಊರು ಬಿಟ್ಟು, ಓದಿ, ಅವಳು ಸಂಪಾದಿಸಿದ್ದು ಆ ಮೇಜೊಂದನ್ನೇ. ಕಾರ್ಡು ಹಿಂದುಮುಂದಾಗಿ ಕೂತರೆ ಸುಡುತ್ತದೆಂದೇ, ಅದು ಕೂರುವ ಸಂದಿನೊಳಗೆ ಪ್ಲಾಸ್ಟಿಕ್ಕಿನ ಹಲ್ಲೊಂದನ್ನು ಇಡಿಸಿ, ಕಾರ್ಡಿನ ಅಂಚಿಗೆ ಅದಕ್ಕೆ ತಕ್ಕ ಕಚ್ಚು ಕೊಯ್ಯಿಸಿದ್ದಳು. ತಿರುಗಿಸಿ ಹಾಕಿದರೆ ಕೂರಬಾರದು. ಕೂತಿತ್ತು.

ಮರುದಿನ ಹೊಸ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಬಾಲ್ಕನ್ ಬೆಟ್ಟದ ಬಸ್ಸು ಹತ್ತಿದಳು. ಡೈರಿಯ ಗುಮಾಸ್ತ ಗೆಂಚೊ ಮೊದಲು ಬ್ರೆಡ್ಡು, ಕುರಿ ಹಾಲಿನ ಚೀಸು ಕೊಟ್ಟು, ಅವಳು ತಿಂದು ಮುಗಿಸುವವರೆಗೂ ಕಾದ. ಆಮೇಲೆ ಯಂತ್ರದ ಮುಚ್ಚಳ ತೆಗೆದ.

"ಹಲ್ಲೆಲ್ಲಿ, ಮಾಮ?"

"ಅದಾ? ಅಡ್ಡ ಬರ್ತಿತ್ತು. ಚೀಸು ಕೊಯ್ಯೋ ಚಾಕೂಲಿ ಕೆತ್ತಿ ತೆಗ್ದೆ. ನಿಮ್ಮೋರ ಅಚ್ಚು ಸರಿಯಿಲ್ಲ ಮಗಳೇ, ಒಳಗೆ ಚೂರು ಉಳ್ಕೊಂಡಿತ್ತು."

"ಅಡ್ಡ ಬರ್ಲಿ ಅಂತ್ಲೇ ಇಟ್ಟಿದ್ದು."

ಗೆಂಚೊ ಅವಳನ್ನು ಕನಿಕರದಿಂದ ನೋಡಿದ. "ಯಾರು ಹೇಳ್ಕೊಟ್ರು ನಿಂಗೆ ಹಾಗಂತ?"

ಕರೆಂಟು ತೆಗೆಸಿ, ಕಾರ್ಡನ್ನು ಅವನ ಕೈಗೇ ಕೊಟ್ಟಳು. ಅವನು ಕಾರ್ಖಾನೆಯ ಹೆಸರು ತನ್ನ ಕಡೆಗೆ ಬರುವಂತೆ ತಿರುಗಿಸಿ ಒತ್ತಿದ. ಹಿಂದುಮುಂದಾದದ್ದು ಅಲ್ಲೇ.

"ಹಾಗ್ಯಾಕೆ ತಿರುಗಿಸಿದ್ರಿ?"

"ಪೀಪಾಯಿ ಇಟ್ರೂ ಚೀಟಿ ನಮ್ಮ ಕಡೆಗೇ ಇರ್ಬೇಕಲ್ವಾ? ಹೆಸರನ್ನ ಗೋಡೆಗೆ ತೋರಿಸಿದ್ರೆ ನಿಮ್ಗೇ ಮರ್ಯಾದೆ ಅಲ್ಲ."

ಹೆಸರನ್ನು ಯಾವ ಕಡೆ ಅಚ್ಚು ಹಾಕಬೇಕೆಂದು ಕಾರ್ಖಾನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ಜಾಗ ಇದ್ದಲ್ಲಿ ಹಾಕಿದ್ದರು. ರಾಲಿತ್ಸಾ ಕಾರ್ಡನ್ನು ಹೊರತೆಗೆದು, ಆ ಹೆಸರನ್ನು ಉಜ್ಜಿ ಅಳಿಸಿ, ಪೀಪಾಯಿಗೆ ಗುರುತು ಹಾಕುವ ಬಣ್ಣ ಕೇಳಿ ಪಡೆದು, ಇನ್ನೊಂದು ಬದಿಗೆ ಹೆಸರು ಬರೆದಳು. ಬಣ್ಣ ಆರಿದ ಮೇಲೆ ಗೆಂಚೊ ಮತ್ತೆ ಕಾರ್ಡು ಹಾಕಿದ. ಕರೆಂಟು ಹಾಕಿಸಿದಾಗ ಪರದೆಯ ಮೇಲೆ ಹಸಿರು ಅಕ್ಷರಗಳು ಮೂಡಿದವು.

"ಈಗ ಸರಿಯಾಗಿ ಮಾಡಿದ್ದೀಯ ನೋಡು," ಅಂದ.

ಅವಳು ಕಾರ್ಖಾನೆಗೆ ಮರಳಿ ನಡೆದದ್ದನ್ನು ಹೇಳಿದಾಗ ತ್ಸೋನೆವ್ ಎಲ್ಲವನ್ನೂ ಕೇಳಿಸಿಕೊಂಡ. "ಹಾಗಾದ್ರೆ ಹೆಸರು ಆ ಕಡೆ ಹಾಕ್ಸೋಣ. ಹಲ್ಲು ತೆಗ್ದುಬಿಡು."

"ಹಲ್ಲು ಬೇಕು ಸಾರ್."

"ಯಾರಿಗೆ?"

"ನೋಡದೇ ಹಾಕೋರಿಗೆ."

"ಅಂಥೋರು ಯಾರಿದಾರೆ?" ಎನ್ನುತ್ತ ತ್ಸೋನೆವ್ ಮೇಜಿನ ಮೇಲಿದ್ದ ಕಾರ್ಡನ್ನು ತೆಗೆದು, ಅವಳ ಮುಖವನ್ನೇ ನೋಡುತ್ತ ಮಾದರಿ ಯಂತ್ರದ ಸಂದಿಗೆ ಒತ್ತಿದ. ಕೂರಲಿಲ್ಲ. ಎದ್ದು ನಿಂತು ಒತ್ತಿದ. ಆಗಲೂ ಕೂರಲಿಲ್ಲ. ಬಗ್ಗಿ ನೋಡಿದರೆ ಹಲ್ಲು ಒಂದು ತುದಿಯಲ್ಲಿ, ಕಾರ್ಡಿನ ಕಚ್ಚು ಇನ್ನೊಂದು ತುದಿಯಲ್ಲಿ.

ಕಾರ್ಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಹಲ್ಲೂ ಇರ್ಲಿ," ಅಂದ, "ನೀನೂ ಇರು."