ಕೊಬ್ಬರಿ ಅಟ್ಟದ ಏಣಿ

ಮೊದಲು ನಡೆದದ್ದು, ನಡೆದ ಕ್ರಮದಲ್ಲಿ. ಭಾನುವಾರ ಬೆಳಗ್ಗೆ ನಾಗಮಂಗಲ ತಾಲ್ಲೂಕಿನ ಆ ಊರಿನ ಬಹುಪಾಲು ಜನ ಬೀಗರ ಊಟಕ್ಕೆಂದು ಪಾಂಡವಪುರಕ್ಕೆ ಹೊರಟರು. ಮಧ್ಯಾಹ್ನ, ಕೆ.ಆರ್. ಪೇಟೆ ಕಡೆಯ ದಿಲೀಪ್ ಎಂಬ ಯುವಕ, ತೆಂಗಿನಕಾಯಿ ಸುಲಿಯುವ ಕೆಲಸದವನು, ಮಂಚಯ್ಯನವರ ಮನೆಯ ಹಿತ್ತಲ ಬಾಗಿಲಿನ ಚಿಲಕ ಮುರಿದು ಒಳಹೊಕ್ಕು ಕೊಬ್ಬರಿಯ ಅಟ್ಟವನ್ನು ಏರಿದ. ಊರೆಲ್ಲ ಮಾಂಸದೂಟಕ್ಕೆ ಕುಳಿತಿರುವಾಗ ಸಂಜೆಯೊಳಗೆ ಯಾರೂ ಮರಳುವುದಿಲ್ಲವೆಂದು ಅವನು ಎಣಿಸಿದ್ದಿರಬೇಕು. ಡೈರಿಗೆ ಹಾಲು ಹಾಕುವ ಮನೆಗೆ ಅಂಥ ಬಿಡುವಿಲ್ಲ. ಹಸು ಕರೆಯುವ ಹೊತ್ತಿಗೆ ಸರಿಯಾಗಿ ಮಂಚಯ್ಯನವರು ಒಬ್ಬರೇ ಬಸ್ಸಿನಲ್ಲಿ ಹಿಂತಿರುಗಿದರು. ಅಟ್ಟದಲ್ಲಿ ಸದ್ದು ಕೇಳಿಸಿತು. ಕೆಳಗಿನಿಂದ ಹೊಗೆ ಹಾಕಿದರು. ಸೂರ್ಯ ಮುಳುಗುವ ಮೊದಲೇ ದಿಲೀಪ್ ಸತ್ತಿದ್ದ.

ಸೋಮವಾರ ಬೆಳಗ್ಗೆ ನಾನು ಶ್ರೀರಂಗಪಟ್ಟಣದಿಂದ ಹೊರಟೆ. ವಿಧಿವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಅಪರಾಧ ನಡೆದ ಸ್ಥಳವನ್ನು ಪರಿಶೀಲಿಸುವ ಹುದ್ದೆಗೆ ಸೇರಿದ್ದೆ. ಹಿರಿಯರಾರೂ ಜೊತೆಗಿಲ್ಲದೆ ನಾನೊಬ್ಬಳೇ ನೋಡಬೇಕಾದ ಮೊದಲ ಸ್ಥಳ ಇದು. ಜೀಪು ಪಾಂಡವಪುರ ದಾಟುವಷ್ಟರಲ್ಲಿ ಹತ್ತಿಯ ಕಡ್ಡಿಗಳ ಪೆಟ್ಟಿಗೆಯನ್ನು ಎರಡು ಸಲ ತೆರೆದು ಮುಚ್ಚಿದ್ದೆ. ಕಬ್ಬಿನ ಹಸಿರು ಹಿಂದೆ ಸರಿದು ರಾಗಿ ಹೊಲಗಳು ಬಂದವು.

ಮನೆಯ ಮುಂದೆ ಜಾತ್ರೆಯಷ್ಟು ಜನ. ಯಾರೋ ಸೇವಂತಿಗೆಯ ಹಾರವನ್ನೂ ತಂದಿದ್ದರು. ಪಕ್ಕದ ಮನೆಯ ಕುಳ್ಳಯ್ಯ ಜೀಪಿನ ಬಾಗಿಲಿಗೇ ಬಂದ.

“ಬನ್ನಿ ಮೇಡಂ, ಬನ್ನಿ. ನಮ್ ಮಂಚಣ್ಣಂಗೆ ಸನ್ಮಾನ ಯಾವಾಗ ಮಾಡ್ತೀರಿ? ಪೊಲೀಸ್ನೋರ ಕೈಲಿ ಆಗ್ದಿದ್ದ ಕೆಲ್ಸ ಒಂದ್ ಮಡ್ಕೇಲಿ ಮಾಡ್ಬುಟ್ಟವ್ನೆ!”

“ಲೇ ಕುಳ್ಳ, ಸುಮ್ಕಿರ್ಲಾ. ಸತ್ತೋನೂ ಯಾವ್ದೋ ತಾಯಿ ಮಗ” ಎಂದರು ಜಗುಲಿಯ ಮೇಲಿದ್ದ ಪುಟ್ಟತಾಯಮ್ಮ. ಮಂಚಯ್ಯನವರ ಹೆಂಡತಿ. ಅವರ ಕಣ್ಣು ನನ್ನ ಕೈಯಲ್ಲಿದ್ದ ಪೆಟ್ಟಿಗೆಯ ಮೇಲೆಯೇ ನೆಟ್ಟಿತ್ತು.

ಸಬ್ ಇನ್‌ಸ್ಪೆಕ್ಟರ್ ರಘುನಂದನ್ ನನ್ನನ್ನು ಬದಿಗೆ ಕರೆದು ವಿಷಯವನ್ನು ನೇರವಾಗಿ ಹೇಳಿದರು.

“ಕತ್ತಲಾದ್ಮೇಲೆ ಮನೆ ಮುರಿದು ಬಂದಿದ್ರೆ ಕಾನೂನು ಮನೆಯವ್ರ ಕಡೆಗೆ ಜಾಸ್ತಿ ವಾಲುತ್ತೆ, ಮೇಡಂ. ಇದು ಹಗಲು. ಹಗಲಲ್ಲಿ ಕಳ್ಳನ ಜೀವ ತೆಗೀಬೇಕಾದ್ರೆ ನಿಜವಾದ ಪ್ರಾಣಭಯ ಇರ್ಬೇಕು. ಮಚ್ಚು ಅಟ್ಟದ ಮೇಲೇ ಸಿಕ್ಕಿದೆ. ಮಚ್ಚು ಹಿಡಿದು ಏಣಿ ಇಳಿದು ಬರಬಲ್ಲವನು ಅಪಾಯ. ಅವನನ್ನ ಹೆದರಿಸಿ ಇಳಿಸೋಕೆ ಹೊಗೆ ಹಾಕಿದೆ ಅಂದ್ರೆ ಕೋರ್ಟು ಒಪ್ಪಬಹುದು. ಆದ್ರೆ ಏಣಿಯನ್ನೇ ತೆಗೆದು, ಆಮೇಲೆ ಹೊಗೆ ಹಾಕಿದ್ರೆ?”

“ಆಗ ಅವನು ಅಪಾಯವಲ್ಲ, ಸೆರೆಯಾಳು” ಎಂದೆ.

“ಅಷ್ಟೇ. ಮಂಚಯ್ಯ ಇವತ್ತು ರಾತ್ರಿ ಎಲ್ಲಿ ಮಲಗ್ತಾರೆ ಅನ್ನೋದು ಆ ಏಣಿ ಮೇಲೆ ನಿಂತಿದೆ.”

ಒಳಗೆ ಹೋದೆ. ಈ ಸೀಮೆಯ ತೆಂಗಿನ ಮನೆಗಳಲ್ಲಿ ಅಡುಗೆಕೋಣೆಯ ಪಕ್ಕದ ಅಂಕಣಕ್ಕೆ ಬಿದಿರು ಗಳುಗಳ ಅಟ್ಟ ಹಾಕಿ, ಕಾಯಿಗಳನ್ನು ತಿಂಗಳುಗಟ್ಟಲೆ ಹರವುತ್ತಾರೆ. ಕೆಳಗೆ ಆಗಾಗ ತೆಳುವಾಗಿ ಹೊಗೆಯಾಡಿಸುತ್ತಾರೆ. ಒಳಗಿನ ನೀರು ಬತ್ತಿ, ಕಾಯಿ ಚಿಪ್ಪಿನಲ್ಲಿಯೇ ಉಂಡೆ ಕೊಬ್ಬರಿಯಾಗುತ್ತದೆ. ಅಂದರೆ, ಈ ಮನೆಯಲ್ಲಿ ಹೊಗೆ ಕಂಡರೆ ಅದು ದಿನಚರಿ, ಸಾಕ್ಷ್ಯವಲ್ಲ. ಅಟ್ಟದ ತೊಲೆಗಳ ಮೇಲಿನ ಹಳೆಯ ಮಸಿ ಅರಗಿನಂತೆ ಗಟ್ಟಿಯಾಗಿ ಮಿಂಚುತ್ತಿತ್ತು. ಕಳ್ಳರ ಕಾಟಕ್ಕೆಂದು ಈ ವರ್ಷ ಹೆಂಚಿನ ಕೆಳಗೆ ಕಬ್ಬಿಣದ ಜಾಲರಿ ಹೊಡೆಸಿದ್ದರು. ಆದ್ದರಿಂದ ಮೇಲಿನಿಂದ ದಾರಿಯಿಲ್ಲ. ಎರಡಾಳೆತ್ತರದ ಅಟ್ಟಕ್ಕೆ ಒಂದೇ ಬಾಯಿ, ಧುಮುಕಿದರೆ ಕೆಳಗೆ ಕಲ್ಲಿನ ನೆಲ. ಅದಕ್ಕೆ ಒರಗಿದ್ದ ಬಿದಿರಿನ ಏಣಿ, ಬಳಸದಾಗ ಹಿತ್ತಲಲ್ಲಿಡುವ, ಮನೆಯಲ್ಲಿದ್ದ ಒಂದೇ ಏಣಿ.

ಮಂಚಯ್ಯನವರು ಗೋಡೆಗೆ ಒರಗಿ ನಿಂತಿದ್ದರು. ಎತ್ತರದ, ಒರಟು ಕೈಗಳ ಮನುಷ್ಯ. ಮಾತಿಗೆ ಅಳುಕಿರಲಿಲ್ಲ.

“ಇಳ್ದು ಬಾರ್ಲಾ ಅಂದೆ. ‘ಅತ್ರ ಬಂದ್ರೆ ಕೊಚ್ಚಾಕ್ಬುಡ್ತೀನಿ’ ಅಂತ ಮಚ್ಚು ಆಡುಸ್ದ. ನಂಗೂ ಜೀವದ ಮ್ಯಾಲೆ ಆಸೆ ಇಲ್ವೇನವ್ವಾ? ಎಗ್ಗಣದ ಬಿಲಕ್ಕೆ ಹೊಗೆ ಹಾಕೋ ಮಡ್ಕೆ ಇತ್ತು. ಕಾಯಿ ಮಟ್ಟೆ ತುಂಬಿ ಒಣಮೆಣಸಿನಕಾಯಿ ಸುರ್ದು ಬೆಂಕಿ ಕೊಟ್ಟೆ. ಕೆಮ್ಕೊಂಡು ಇಳ್ದು ಓಡೋಯ್ತಾನೆ ಅಂತ. ಏಣಿ ಇಲ್ಲೇ ಇತ್ತು. ಅವ್ನೇ ಇಳೀಲಿಲ್ಲ.”

“ನೀವು ಎಲ್ಲಿದ್ದಿರಿ?”

“ಬಾಗ್ಲು ಎಳ್ಕೊಂಡು ಜಗುಲಿ ಮ್ಯಾಲೆ ಕುಂತಿದ್ದೆ. ಹೊಗೇಲಿ ನಾನೂ ಸಾಯನಾ?”

ಕುಳ್ಳಯ್ಯ ಬಾಗಿಲಿನಿಂದಲೇ ದನಿಗೂಡಿಸಿದ. “ನಾ ಬಂದಾಗ ಏಣಿ ಇಲ್ಲೇ ಒರಗಿತ್ತು ಮೇಡಂ, ನಮ್ಮಪ್ಪನಾಣೆ. ಅದ್ರಲ್ಲೇ ಅತ್ತಿ ಅವನ್ನ ಇಳ್ಸಿದ್ದು ನಾನು. ಹೊಗೆ ಆಗ ಕರಗೋಗಿತ್ತು.”

ಪರೀಕ್ಷೆಯ ತರ್ಕ ಸರಳ. ಹೊಗೆ ಮೇಲೇರುವಾಗ ಏಣಿ ತೊಲೆಗೆ ಒರಗಿದ್ದರೆ, ಏಣಿಯ ಹಿಂದಿನ ಮರಕ್ಕೆ ಹೊಸ ಮಸಿ ತಾಗುವುದಿಲ್ಲ. ಹಳೆಯ ಮಸಿ ಹತ್ತಿಗೆ ಅಂಟುವುದಿಲ್ಲ, ಹೊಸದು ಮುಟ್ಟಿದರೆ ಸಾಕು, ಬರುತ್ತದೆ. ಮೇಜಿನ ಮೇಲೆ ಕುರ್ಚಿ ಇಟ್ಟು ನಿಂತು, ಏಣಿಯನ್ನು ಮೆಲ್ಲಗೆ ಸರಿಸಿ, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟೆ.

ಮರದ ಮೇಲೆ ಎರಡು ಅಗಲವಾದ, ಉಜ್ಜಿದ ಕಲೆಗಳು. ಕುಳ್ಳಯ್ಯ ಹೆಣದ ಭಾರ ಹೊತ್ತು ಇಳಿದಾಗ ಏಣಿ ಆಚೀಚೆ ಜಾರಿ, ಇದ್ದ ಗುರುತನ್ನೆಲ್ಲ ಕಲಸಿಬಿಟ್ಟಿತ್ತು. ಹೊಸ ಮಸಿ ಅಲ್ಲಿ ಮೊದಲು ಇತ್ತೋ ಇರಲಿಲ್ಲವೋ ಹೇಳುವಂತಿರಲಿಲ್ಲ.

“ಏನಾಯ್ತು ಮೇಡಂ?” ರಘುನಂದನ್ ಕೆಳಗಿನಿಂದ ಕೇಳಿದರು.

“ಇದು ಏನನ್ನೂ ಹೇಳುವುದಿಲ್ಲ.”

“ಮರ ಮಾತಾಡ್ತದಾ?” ಎಂದು ಹೊರಗೆ ಯಾರೋ ನಕ್ಕರು. “ಹಾರ ಇತ್ಲಾಗ್ ತಾರ್ಲಾ, ಬಾಡೋಯ್ತದೆ!”

ನಾನು ಕುರ್ಚಿಯ ಮೇಲೆಯೇ ನಿಂತಿದ್ದೆ. ತೊಲೆ ಹೇಳದಿದ್ದರೆ ಏಣಿ ಹೇಳಬೇಕು. ಹೊಗೆ ನುಗ್ಗಿಹೋದದ್ದು ಇದೇ ಬಾಯಿಯಿಂದ. ಏಣಿಯ ತುದಿ ಆ ಹೊಗೆಯ ನಡುವೆ ನಿಂತಿದ್ದರೆ ಅದರ ಮೇಲೆಯೂ ಮಸಿ ಕೂರಬೇಕಿತ್ತು. ಮೇಲಿನ ಮೆಟ್ಟಿಲನ್ನು ಹತ್ತಿಯಿಂದ ಒರೆಸಿದೆ. ಬಿಳಿಯಾಗಿಯೇ ಉಳಿಯಿತು. ಆದರೂ ಇದು ಸಾಲದು. ಕೈಕಾಲು ತಾಗಿ ನಯವಾದ ಬಿದಿರು ಒರೆಸಿಹೋಗಿರಬಹುದು. ಒರೆಸಿದರೂ ಹೋಗದ ಜಾಗ ಬೇಕು.

ಆಗ ಕಂಡಿತು, ಮೆಟ್ಟಿಲುಗಳನ್ನು ಗಳುವಿಗೆ ಬಿಗಿದಿದ್ದ ತೆಂಗಿನ ನಾರಿನ ಹಗ್ಗ. ಎಳೆ ಎಳೆಯಾಗಿ ಎದ್ದ ನಾರು. ಹೊಗೆ ಹಾದರೆ ಮಸಿ ಆ ಎಳೆಗಳ ಸಂದಿಗೆ ಇಳಿಯುತ್ತದೆ, ಅಂಗೈ ಸವರಿದರೆ ಬರುವುದಿಲ್ಲ. ಮೇಲಿನ ಕಟ್ಟನ್ನು ಚಿಮಟದಿಂದ ಬಿಡಿಸಿ ಭೂತಗನ್ನಡಿಯಲ್ಲಿ ನೋಡಿದೆ. ಕಂದು. ಹೊರಗೆ, ಒಳಗೆ, ಸಂದಿಯಲ್ಲಿ ಬರೀ ಕಂದು.

ಹೋಲಿಕೆಗೆ ಏನಾದರೂ ಬೇಕು, ಅದೇ ನಾರು, ಅದೇ ಎತ್ತರ. ತಲೆ ತಿರುಗಿಸಿದೆ. ಅಟ್ಟದ ಬಾಯಿಗೆ ಒಂದು ಮೊಳ ದೂರದಲ್ಲಿ, ಅದೇ ತೊಲೆಯಿಂದ ಬೆಣ್ಣೆ ಗಡಿಗೆಯ ನಾರಿನ ನೆಲುವು ತೂಗುತ್ತಿತ್ತು!

“ಪುಟ್ಟತಾಯಮ್ಮನವರೇ, ಈ ನೆಲುವಿನ ಹಗ್ಗ ಯಾವಾಗಿನದು?” ಜಗುಲಿಯ ಕಡೆಗೆ ತಿರುಗಿ ಕೇಳಿದೆ.

“ಒಸಾದು ಕಣವ್ವಾ. ಶನಿವಾರ ನಾನೇ ಕಟ್ಟಿದ್ದು. ಅಳೇದು ಕಿತ್ತೋಗಿತ್ತು. ಯಾಕೆ?”

ಹೊಸ ಹತ್ತಿಯನ್ನು ಕೈಗೆತ್ತಿಕೊಂಡೆ. ಶನಿವಾರದ ಹಗ್ಗ ಎಂದರೆ ಅದರ ಮೇಲೆ ಹಳೆಯ ಮಸಿಯ ಗೊಂದಲವೇ ಇಲ್ಲ. ನೆಲುವನ್ನು ಮುಟ್ಟಿದ ಹತ್ತಿ ಕಾಡಿಗೆಯಂತೆ ಕಪ್ಪಾಯಿತು. ಏಣಿ ಅಲುಗಿದಾಗ ಮಸಿ ಉದುರಿರಬಹುದೆಂಬ ವಾದ ಬರುತ್ತದೆ. ನೆಲುವಿನ ಒಂದು ಎಳೆಯನ್ನು ಕತ್ತರಿಸಿ, ಕಾಗದದ ಮೇಲೆ ಬಲವಾಗಿ ಬಡಿದೆ. ಪುಡಿ ಉದುರಿತು. ಎಳೆ ಕಪ್ಪಾಗಿಯೇ ಇತ್ತು. ಏಣಿಯ ಉಳಿದ ಕಟ್ಟುಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿದೆ. ಎಲ್ಲವೂ ಕಂದು.

ಎರಡು ಎಳೆಗಳನ್ನು ಬಿಳಿಯ ಕಾಗದದ ಮೇಲೆ ಪಕ್ಕಪಕ್ಕ ಇಟ್ಟು ರಘುನಂದನ್ ಅವರಿಗೆ ತೋರಿಸಿದೆ. ವಿವರಿಸುವ ಅಗತ್ಯವೇ ಬೀಳಲಿಲ್ಲ. ಕುಳ್ಳಯ್ಯ ಕತ್ತು ಉದ್ದ ಮಾಡಿ ನೋಡಿ, ಮಂಚಯ್ಯನವರ ಕಡೆಗೆ ತಿರುಗಿದ.

“ಅಣ್ಣೋ… ಏಣಿ ತಗ್ದಿದ್ಯಾ?”

ಮಂಚಯ್ಯನವರ ಮುಖಕ್ಕೆ ರಕ್ತ ನುಗ್ಗಿತು.

“ತಗೀದೆ ಇನ್ನೇನ್ಲಾ ಮಾಡ್ಲಿ? ಏಣಿ ಬುಟ್ಟಿದ್ರೆ ಇಳ್ದು ಓಡೋಗ್ಬುಡ್ತಿದ್ದ! ವರ್ಸದ ಕಾಯಿಗೆ ಕೈ ಆಕವ್ನೆ, ಸುಮ್ಕೆ ಬುಡಕ್ಕಾಯ್ತದಾ? ಪೊಲೀಸ್ನೋರ್ಗೆ ಇಡ್ಕೊಡ್ಬೇಕು ಅಂತಿದ್ದೆ. ಕೆಮ್ತಿದ್ದ, ಕೂಗ್ತಿದ್ದ… ಬುದ್ಧಿ ಬರ್ಲಿ ಅಂದ್ಕೊಂಡೆ. ಆಮ್ಯಾಕೆ ಸದ್ದು ನಿಂತೋಯ್ತು.”

“ಕೂಗ್ತಿದ್ನಾ?” ಪುಟ್ಟತಾಯಮ್ಮ ಎದ್ದು ನಿಂತಿದ್ದರು. “ನಂಗೇಳ್ಲೇ ಇಲ್ಲ ನೀನು. ಏನಂತ ಕೂಗ್ತಿದ್ದ?”

ಮಂಚಯ್ಯನವರು ನೆಲ ನೋಡಿದರು. “ಏಣಿ ಇಡಣ್ಣ ಅಂತ.”

ಜಗುಲಿಯಲ್ಲಿ ಹಾರ ಹಿಡಿದಿದ್ದವನು ಅದನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. ಪುಟ್ಟತಾಯಮ್ಮ ನನ್ನ ತೋಳು ಹಿಡಿದರು.

“ಅವ್ವಾ, ನೀನು ಓದ್ದೋಳು. ಏನ್ ಬರೀತೀಯ?”

ರಘುನಂದನ್ ಟೋಪಿ ಸರಿಪಡಿಸಿಕೊಂಡರು. “ಪೊಲೀಸರ ಎದುರು ಆಡಿದ ಒಪ್ಪಿಗೆ ಮಾತು ಕೋರ್ಟಲ್ಲಿ ನಿಲ್ಲಲ್ಲ, ಮೇಡಂ. ನಾನು ಕೇಳಿದ್ದು ನನ್ನಲ್ಲೇ ಇರುತ್ತೆ. ನೀವು ಕಂಡದ್ದನ್ನಷ್ಟೇ ಬರೀರಿ.”

ನಾನು ಪುಟ್ಟತಾಯಮ್ಮನವರ ಕೈಯನ್ನು ಬಿಡಿಸಲಿಲ್ಲ. ಅವರು ಹಿಡಿದಿದ್ದ ಹಾಗೆಯೇ ಕೆಳಗೆ ಕುಳಿತು, ಇನ್ನೊಂದು ಕೈಯಲ್ಲಿ ಲೇಖನಿ ತೆಗೆದು, ಅವರಿಗೂ ಕೇಳುವಂತೆ ಓದುತ್ತ ಬರೆದೆ:

ಹೊಗೆ ಹಾಕುವ ಮೊದಲೇ ಏಣಿಯನ್ನು ಅಟ್ಟದ ಬಾಯಿಯಿಂದ ತೆಗೆಯಲಾಗಿತ್ತು. ಹೊಗೆ ಕರಗಿದ ನಂತರ ಅದನ್ನು ಮತ್ತೆ ಇಡಲಾಗಿದೆ. ಹೊಗೆ ತುಂಬಿದ್ದಷ್ಟು ಹೊತ್ತು ಅಟ್ಟದಿಂದ ಇಳಿಯಲು ದಾರಿ ಇರಲಿಲ್ಲ.