ಸಾಹೇಬನ ಹರಿದ ಕಿವಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ಹೋತದ್ದಲ್ಲ, ಆಡಿನದ್ದಲ್ಲ, ಅಕ್ಕನದ್ದಂತೂ ಅಲ್ಲವೇ ಅಲ್ಲ.

ನಮ್ಮೂರಿನ ಆಡುಗಳು ಗಿಡ್ಡ ಜಾತಿಯವು. ಕರೆದರೆ ಒಂದು ಲೋಟ ಹಾಲು, ಅಷ್ಟೇ. ಅದಕ್ಕೇ ಪಶುವೈದ್ಯರು ಹೆಚ್ಚು ಹಾಲಿನ ತಳಿಯ ಹೋತವೊಂದನ್ನು ತಂದು ಊರಿನ ಆಡುಗಳಿಗೆಲ್ಲ ಎಂದು ನನ್ನ ಕೊಟ್ಟಿಗೆಯಲ್ಲಿ ಕಟ್ಟಿಸಿದರು. ಅದರ ಗತ್ತು ನೋಡಿ ಜನ ಸಾಹೇಬ ಎಂದು ಕರೆದರು. ಬೇಲಿಯ ತಂತಿಗೆ ಸಿಕ್ಕಿ ಎಡಗಿವಿಯ ತುದಿ ಹರಿದಿತ್ತು, ಆದರೂ ಸಾಹೇಬ ಸಾಹೇಬನೇ. ಅದರ ಹೆಣ್ಣುಮರಿಗಳು ತಾಯಂದಿರನ್ನು ಮೀರಿಸಿ ಬೆಳೆದಾಗ ನನಗೆ ಜಂಬ ನೆತ್ತಿಗೇರಿತು.

ವೈದ್ಯರು ಒಂದೇ ಷರತ್ತು ಹಾಕಿದ್ದರು. ಹೆಣ್ಣುಮರಿಗಳು ಬೆದೆಗೆ ಬರುವ ಮೊದಲೇ ಸಾಹೇಬನನ್ನು ಪಕ್ಕದೂರಿಗೆ ಕೊಟ್ಟು ಅಲ್ಲಿನ ಹೋತವನ್ನು ತರಬೇಕು. ಅಪ್ಪನ ಹತ್ತಿರ ಮಗಳನ್ನು ಬಿಡಬಾರದು, ಮರಿಗಳು ಊನವಾಗಿ ಹುಟ್ಟಬಹುದು. ಪಕ್ಕದೂರಿನ ಹೋತವೋ, ಬರೀ ಮೂಳೆ ಚಕ್ಕಳ. ನಾಳೆ, ನಾಡಿದ್ದು ಎನ್ನುತ್ತಾ ನಾನು ದಿನ ತಳ್ಳಿದೆ.

ಒಂದು ಬೆಳಗ್ಗೆ ಅಕ್ಕ ತನ್ನ ಆಡು ಕರಿಮೂತಿಯನ್ನು ಎಳೆದುಕೊಂಡು ಬಂದಳು. ಕರಿಮೂತಿ ಸಾಹೇಬನ ಮಗಳು, ಮೊದಲ ಬೆದೆ. ಅಕ್ಕನ ಕಣ್ಣಿಗೆ ಪೊರೆ ಬಂದು ಎಲ್ಲವೂ ಮಸುಕು.

"ಹೋತ ಬದಲಾಯಿಸಿದ್ಯೇನೋ? ಮೂರು ಸಲ ಹೇಳಿದ್ದೆ."

"ಹೋದ ವಾರಾನೇ ಬದಲಾಯಿಸ್ದೆ ಕಣೇ. ಎಷ್ಟು ಸಲ ಕೇಳ್ತೀಯಾ?"

ಇಪ್ಪತ್ತು ದಿನ ಬಿಟ್ಟು ಬಾ ಎಂದಿದ್ದರೆ ಸಾಕಿತ್ತು, ಆಡು ಮತ್ತೆ ಬೆದೆಗೆ ಬರುತ್ತಿತ್ತು. ಬೈಸಿಕೊಳ್ಳಬೇಕಲ್ಲ ಎಂಬ ಒಂದೇ ಕಾರಣಕ್ಕೆ ಸುಳ್ಳು ಹೇಳಿದೆ. ಅಕ್ಕ ಹೋತದ ಕತ್ತು, ಕಿವಿ ಸವರಿದಳು. ಕಿವಿಯನ್ನು ಇನ್ನೊಮ್ಮೆ ಮುಟ್ಟಿ, "ಸರಿ ಬಿಡು" ಎಂದಳು. ನಾನು ಸಾಹೇಬನನ್ನೇ ಬಿಟ್ಟೆ.

ಐದು ತಿಂಗಳಿಗೆ ಕರಿಮೂತಿ ಎರಡು ಮರಿ ಹಾಕಿತು. ಎರಡಕ್ಕೂ ಮುಂಗಾಲು ಸೊಟ್ಟ. ನಿಲ್ಲಲಾಗದೆ ಮೂರನೆಯ ದಿನ ಸತ್ತವು. ಅಕ್ಕ ಎರಡನ್ನೂ ಮಡಿಲಲ್ಲಿ ಹಾಕಿಕೊಂಡು ಬಟ್ಟೆ ಅದ್ದಿ ಹಾಲುಣಿಸಿದ್ದಳು. ನಾನು ಪಕ್ಕದಲ್ಲೇ ಕಲ್ಲಿನ ಹಾಗೆ ಕೂತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

ವಾರ ಕಳೆದ ಮೇಲೆ ಅವಳ ಅಂಗಳದಲ್ಲಿ ಕಟುಕ ಕಾಣಿಸಿದ. ಕರಿಮೂತಿಯ ಹಗ್ಗ ಆಗಲೇ ಅವನ ಕೈಯಲ್ಲಿತ್ತು.

"ತಂಬಿಗೆ ತುಂಬ ಹಾಲು ಕೊಡ್ತಿದೆಯಲ್ಲೇ ಅಕ್ಕಾ!" ಎಂದೆ.

"ಹೊಟ್ಟೇಲೇ ಏನೋ ದೋಷ ಇದೆ ಕಣೋ ಇದಕ್ಕೆ. ಇನ್ನೊಂದು ಸಲ ಅಂಥ ಮರಿ ನೋಡೋ ಶಕ್ತಿ ನಂಗಿಲ್ಲ."

ಕಟುಕ ಹಗ್ಗ ಜಗ್ಗಿದ. ಆಡು ಅಕ್ಕನ ಕಡೆ ತಿರುಗಿ ಅರಚಿತು.

"ದೋಷ ಅದಕ್ಕಿಲ್ಲ" ಎಂದೆ. "ಅವತ್ತು ಬಿಟ್ಟಿದ್ದು ಸಾಹೇಬನ್ನೇ. ನಾನು ಬದಲಾಯಿಸಿರ್ಲಿಲ್ಲ. ಸುಳ್ಳು ಹೇಳ್ದೆ."

ಅಕ್ಕ ಬೈಯುತ್ತಾಳೆ, ಬೈದರೆ ಸಾಕಪ್ಪಾ ಎಂದು ಕಾದೆ. ಅವಳು ಬೈಯಲಿಲ್ಲ.

"ಹರಿದ ಕಿವಿ ಕೈಗೆ ಸಿಕ್ಕಿತ್ತು ಕಣೋ" ಎಂದಳು. "ತಮ್ಮ ಯಾಕೆ ಸುಳ್ಳು ಹೇಳ್ತಾನೆ, ಕಣ್ಣಿನ ಜೊತೆ ನನ್ನ ಕೈಗೂ ಮಂಕು ಬಡೀತೇನೋ ಅಂದ್ಕೊಂಡು ಸುಮ್ನಾದೆ."

ತಡವಿಕೊಂಡು ಹೋಗಿ ಕಟುಕನ ಕೈಯಿಂದ ಹಗ್ಗ ಬಿಡಿಸಿಕೊಂಡಳು. ಆಡನ್ನು ಗೂಟಕ್ಕೆ ಕಟ್ಟಿ, ನನ್ನತ್ತ ಮುಖ ಮಾಡದೆ ಹೇಳಿದಳು:

"ಹೊಸ ಹೋತ ಬಂದ್ಮೇಲೆ ಹೇಳು. ನೋಡಿ ಹೇಳೋಕೆ ಪಕ್ಕದ ಮನೆಯವಳನ್ನ ಕರ್ಕೊಂಡು ಬರ್ತೀನಿ."