ಗೋಡೆಯಾಚೆಯ ಮೋಟರು

ನಮ್ಮ ಮನೆಯ ಕಂಪ್ಯೂಟರು ದಿನಕ್ಕೆ ಎರಡು ಮೂರು ಸಲ ಸಾಯುತ್ತಿತ್ತು. ಕೆಮ್ಮಿಲ್ಲ, ನರಳಾಟವಿಲ್ಲ. ಟೈಪ್ ಮಾಡುತ್ತ ಕೂತಿದ್ದ ಹಾಗೇ ಪರದೆ ಕಪ್ಪಾಗುತ್ತಿತ್ತು. ಆಮೇಲೆ ತಾನೇ ಎದ್ದು, ಏನೂ ಆಗಿಯೇ ಇಲ್ಲ ಎನ್ನುವ ಮುಖ ಮಾಡಿಕೊಂಡು ಪಾಸ್‌ವರ್ಡ್ ಕೇಳುತ್ತಿತ್ತು. ನಾನು ಮಾಡಿದ ಕೆಲಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬೇರೆ ಯಾರಾದರೂ ಆಗಿದ್ದರೆ ಅದನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಿದ್ದರು. ನನಗೆ ಆ ಭಾಗ್ಯವಿರಲಿಲ್ಲ. ಮುಂಡಗೋಡದ ಗಂಡನ ಮನೆ ಬಿಟ್ಟು, ಹಳಿಯಾಳದ ಹತ್ತಿರದ ಈ ಹಳ್ಳಿಗೆ, ತವರಿಗೆ ಬಂದು ಕೂತವಳು ನಾನು. ಅವ್ವ ತೀರಿಹೋಗಿದ್ದಳು. ಅಪ್ಪ ಉಳವಪ್ಪ ನನ್ನನ್ನು ಬೈದವನಲ್ಲ. ಆದರೆ ಊಟಕ್ಕೆ ಕೂತಾಗಲೆಲ್ಲ, "ಉಣ್ಣ ರಾಜಿ, ನಾ ಇರೂತನಕ ಚಿಂತಿಲ್ಲ" ಅನ್ನುತ್ತಿದ್ದ. ಆ 'ಇರೂತನಕ' ತುತ್ತಿನಲ್ಲಿ ಕಲ್ಲಿನಂತೆ ಸಿಗುತ್ತಿತ್ತು. ಡಾಕ್ಟರರು ಹೇಳಿದ್ದನ್ನು ಕೇಳಿ ಟೈಪ್ ಮಾಡಿಕೊಡುವ ಕೆಲಸವೊಂದು ಕೈಗೆ ಬರುವುದರಲ್ಲಿತ್ತು, ಮನೆಯಲ್ಲೇ ಕೂತು ಮಾಡುವಂಥದು. ಕೊನೆಯ ಪರೀಕ್ಷೆ ಗುರುವಾರ ಬೆಳಿಗ್ಗೆ. ಮನೆಯಲ್ಲೇ, ಒಬ್ಬಳೇ ಕೂತು, ನಮ್ಮದೇ ಕಂಪ್ಯೂಟರಿನಲ್ಲಿ, ಕ್ಯಾಮೆರಾ ಹಚ್ಚಿಕೊಂಡು, ಒಂದೇ ಬೈಠಕ್ಕಿನಲ್ಲಿ ಮುಗಿಸಬೇಕು. ನಡುವೆ ಕಡಿದುಹೋದರೆ ಮತ್ತೊಂದು ಅವಕಾಶವಿಲ್ಲ ಎಂದು ಕಂಪನಿಯವರು ಮೊದಲೇ ಹೇಳಿದ್ದರು. ಗೆದ್ದರೆ ಹಳಿಯಾಳದಲ್ಲಿ ಒಂದು ಖೋಲಿ ಹಿಡಿದು ನನ್ನ ಅನ್ನ ನಾನು ಉಣ್ಣಬಹುದು. ನನಗೆ ಬೇಕಾಗಿದ್ದದ್ದು ಇಷ್ಟೇ.

ಹಳಿಯಾಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಫೈಜಾನ ಮಾಡದ ಚಿಕಿತ್ಸೆ ಇಲ್ಲ. ಡಬ್ಬಿ ಬಿಚ್ಚಿ ಧೂಳು ಊದಿದ. ರ್‍ಯಾಮನ್ನು ಪೆನ್ಸಿಲ್ ರಬ್ಬರಿನಿಂದ ತಿಕ್ಕಿ ಮತ್ತೆ ಸಿಗಿಸಿದ. ವಿಂಡೋಸನ್ನು ಅಳಿಸಿ ಹೊಸದಾಗಿ ಹಾಕಿದ. ಪವರ್ ಸಪ್ಲೈ ಬದಲಾಯಿಸಿದ. ಅವನ ಅಂಗಡಿಯಲ್ಲಿ ಆ ಪೆಟ್ಟಿಗೆ ದಿನವಿಡೀ ಸಾಧು ಹಸುವಿನಂತೆ ನಡೆಯುತ್ತಿತ್ತು. ಮನೆಗೆ ತಂದ ಕೂಡಲೇ ಹಳೇ ಚಾಳಿ.

"ಅಕ್ಕಾ, ಇದಕ್ಕ ನಿಮ್ಮ ಮನೀನ ಆಗಿಬರೂದಿಲ್ಲ ನೋಡ್ರಿ" ಎಂದು ಅವನು ನಕ್ಕ. ನನಗೆ ನಗು ಬರಲಿಲ್ಲ. ನನಗೂ ಈ ಮನೆ ಆಗಿಬಂದಿರಲಿಲ್ಲ.

ಮಂಗಳವಾರ ಅವನು ಮನೆಗೇ ಬಂದು ಕೂತ. ನಾನು ಟೈಪ್ ಮಾಡುತ್ತಿದ್ದೆ. ಗೋಡೆಯಾಚೆ ಬೋರ್‌ವೆಲ್ ಮೋಟರು ಗುಂಯ್ ಎಂದಿತು. ಪರದೆ ಕಪ್ಪಾಯಿತು. ಫೈಜಾನ ತಲೆಯೆತ್ತಿ ಬಲ್ಬು ನೋಡಿದ. ಅದೂ ಮಂಕಾಗಿತ್ತು. ಎದ್ದು ಹೊರಗೆ ಹೋಗಿ ಕಂಬದಿಂದ ಬಂದ ವೈರನ್ನು ಕಣ್ಣಿನಲ್ಲೇ ಹಿಂಬಾಲಿಸಿ ಬಂದ.

"ಮಷೀನ್ ತಪ್ಪಲ್ಲಕ್ಕಾ. ಎರಡೂ ಮನಿಗೆ ಕಂಬದಿಂದ ಬರೂ ವೈರ್ ಒಂದ ಐತಿ. ಜೋಡಣಿ ಆ ಕಡೆ ಪಡಸಾಲ್ಯಾಗ ಸಡ್ಲ ಆಗೇತಿ. ಅವ್ರು ಮೋಟರ್ ಹಾಕಿದ್ರ ನಿಮ್ಮ ಕಡೆ ಕರೆಂಟ್ ಬಿತ್ತು ಅಂತನ. ಯುಪಿಎಸ್ ಬ್ಯಾಟರಿ ಸತ್ತೈತಿ, ಹುಬ್ಬಳ್ಳಿಂದ ಬರಾಕ ಒಂದ್ ವಾರ ಬೇಕು. ಅದ್ರಕಿಂತ ವೈರ್‌ಮನ್ನನ್ನ ಆ ಮನಿಗೆ ಕಳಸ್ರಿ, ಅರ್ಧ ತಾಸಿನ ಕೆಲಸ."

ಆ ಮನೆ ಎಂದರೆ ನನ್ನ ದೊಡ್ಡಪ್ಪ ದ್ಯಾಮಪ್ಪನ ಮನೆ. ಅಣ್ಣತಮ್ಮ ಬೇರೆಯಾದಾಗ ಪಡಸಾಲೆಯ ನಡುವೆ ತೊಲೆ ಮುಟ್ಟುವ ಗೋಡೆ ಎಬ್ಬಿಸಿದ್ದರು. ಹಿತ್ತಲ ಮಾವಿನಮರ ಯಾರಿಗೆಂದು ಬಗೆಹರಿಯದೆ, ಕಡಿಸಿ, ಕಟ್ಟಿಗೆ ತೂಗಿ ಹಂಚಿಕೊಂಡಿದ್ದರು. ಅಂದಿನಿಂದ ಆ ಮನೆಯ ಹೆಪ್ಪು ಸಹ ನಮ್ಮ ಹಾಲಿಗೆ ಬೀಳಬಾರದು. ಪಂಚರು ಗುದ್ದಲಿ, ಕೊಪ್ಪರಿಗೆ, ಬೀಸುವ ಕಲ್ಲು ಎಲ್ಲ ಎಣಿಸಿ ಪಾಲು ಮಾಡಿದ್ದರು. ಮೇಲೆ ಹೋಗಿದ್ದ ವೈರು ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ.

ಒಬ್ಬರ ಕಣ್ಣಿಗೂ ಬಿದ್ದಿಲ್ಲ ಎಂದು ನಾನು ತಿಳಿದಿದ್ದೆ. ಅಪ್ಪನಿಗೆ ಹೇಳಿದರೆ ಅವನು ಎಲೆ ಅಡಿಕೆ ಅಗಿಯುತ್ತಲೇ, "ನಂಗ ಗೊತ್ತಿತ್ತ" ಅಂದ. "ಅವ್ನ ಬಂದು ವೈರ್ ಬ್ಯಾರೆ ಮಾಡೂಣು ಅಂತ ಕೇಳ್ಲಿ ಅಂತ ಬಿಟ್ಟೇನಿ."

"ಗುರುವಾರ ಪರೀಕ್ಷೆ ಐತಪ್ಪಾ. ವೈರ್‌ಮನ್ನನ್ನ ಕಳಸೂಣು, ನೀ ಒಂದ್ ಮಾತು ಹೇಳು."

"ಆ ಹೊಸ್ತಿಲಿಗೆ ನನ್ನ ಮಾತು ಹೋಗೂದಿಲ್ಲ. ಮಷೀನ್ ಬ್ಯಾರೇದ ತರೂಣು ಬೇಕಾದ್ರ."

ಬೇರೆ ಮಷೀನು ತಂದರೂ ಅದು ಇದೇ ವೈರಿನ ಹಾಲು ಕುಡಿಯಬೇಕು ಎಂದು ಎಷ್ಟು ಬಿಡಿಸಿ ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಬುಧವಾರ ಅಪ್ಪ ಗೋವಿನಜೋಳದ ಹೊಲಕ್ಕೆ ಹೋದ ಮೇಲೆ ಹಿತ್ತಲ ಗೋಡೆಯ ಬಳಿ ನಿಂತು ದೊಡ್ಡವ್ವನನ್ನು ಕರೆದೆ. ಹೊಳೆವ್ವ ದೊಡ್ಡವ್ವ ಬಟ್ಟೆ ಒಗೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದಳು. ಎಲ್ಲ ಹೇಳಿದೆ. ವೈರ್‌ಮನ್ನನ್ನು ಕರೆಸಿದರೆ ಅಪ್ಪನಿಗೆ ತಿಳಿಯುತ್ತದೆ, ನಾಳೆ ಬೆಳಿಗ್ಗೆ ಮೋಟರು ಒಂದು ಹಾಕದಿದ್ದರೆ ಸಾಕು ಎಂದೆ.

"ಇಷ್ಟಕ್ಕ ಇಷ್ಟ್ಯಾಕ ಅಳ್ತೀ ಯವ್ವಾ? ನಾಳೆ ಮಧ್ಯಾಹ್ನದ ಮಟಾ ಮೋಟರ್ ಹಾಕಾಕ ಬಿಡೂದಿಲ್ಲ. ನಿಮ್ಮ ದೊಡ್ಡಪ್ಪಗೂ ಹೇಳ್ತೇನಿ. ನೀ ಚಲೋ ಬರಿ."

ಗುರುವಾರ ಆ ಕಡೆಯಿಂದ ಸದ್ದೇ ಇಲ್ಲ. ಪರೀಕ್ಷೆ ಶುರುವಾಯಿತು. ಕಿವಿಯಲ್ಲಿ ಡಾಕ್ಟರನ ದನಿ, ಬೆರಳ ಕೆಳಗೆ ಅಕ್ಷರ. ಒಬ್ಬ ರೋಗಿಯ ವರದಿ ಮುಗಿಯಿತು, ಇನ್ನೊಬ್ಬನದು ಮುಗಿಯಿತು. ಇಷ್ಟು ಸುಖವಾಗಿ ನಾನು ಯಾವತ್ತೂ ಕೆಲಸ ಮಾಡಿರಲಿಲ್ಲ. ಕೊನೆಯ ರೋಗಿಯ ವರದಿಯ ಅರ್ಧಕ್ಕೆ ಬಂದಿದ್ದೆ.

ಅಪ್ಪನ ಚಪ್ಪಲಿ ಅಂಗಳದಲ್ಲಿ ಸಪ್ಪಳ ಮಾಡಿತು. ಆಗಿದ್ದೇನೆಂದು ನನಗೆ ಆಮೇಲೆ ತಿಳಿಯಿತು. ಅಪ್ಪನೂ ಕೂತಿದ್ದ ಚಹಾದಂಗಡಿಯ ಕಟ್ಟೆಯ ಮೇಲೆ ದೊಡ್ಡಪ್ಪ, "ಇವತ್ತು ನೀರು ಬಿಟ್ಟಿಲ್ಲ. ತಮ್ಮನ ಮಗಳಿಗೆ ಪರೀಕ್ಷಾ ಐತಿ" ಎಂದನಂತೆ. ಪ್ರೀತಿಯಿಂದಲೇ ಅಂದಿರಬೇಕು. ಕೂತವರು ಅಪ್ಪನ ಕಡೆ ತಿರುಗಿ, "ಉಳವಪ್ಪಾ, ಅಂತೂ ಅಣ್ಣನ ಮನಿ ಬಾಗಿಲಕ್ಕ ಹೋದಿ" ಎಂದು ನಕ್ಕರಂತೆ. ಅದಿಷ್ಟೇ ಸಾಕಾಯಿತು. ಅವನ ಹಿಂದೆಯೇ ದೊಡ್ಡಪ್ಪನೂ ಮನೆ ಸೇರಿದ್ದ.

ಅಪ್ಪ ನನ್ನ ಕೋಣೆಗೆ ಬರಲಿಲ್ಲ. ನೇರ ಪಡಸಾಲೆಯ ಗೋಡೆಯ ಮುಂದೆ ನಿಂತು, ಗೋಡೆಗೇ ಹೇಳುವಂತೆ ಒದರಿದ.

"ಯಾರ ಉಪಕಾರನೂ ನಮಗ ಬ್ಯಾಡ! ಹಾಕ್ರಿ ನಿಮ್ಮ ಮೋಟರ್!"

"ಉಳವಪ್ಪಾ, ಹುಡುಗಿ ಬರ್ಯಾಕತ್ತೈತೋ, ಇನ್ನೊಂದ್ ಗಳಿಗಿ ತಡಿ" ಎಂದು ದೊಡ್ಡವ್ವ ಆ ಕಡೆಯಿಂದ ಗೋಗರೆದಳು.

"ಬ್ಯಾಡ ಅಂದ್ರ ಬ್ಯಾಡ! ಗಂಡಸಾಗಿದ್ರ ಹಾಕ್ಲಿ!"

"ಅಪ್ಪಾ!" ಎಂದು ನಾನು ಕೂಗಿದೆ. ಕ್ಯಾಮೆರಾದ ಮುಂದಿನಿಂದ ಏಳುವಂತಿರಲಿಲ್ಲ. ಕೂತಲ್ಲಿಂದಲೇ ಕೂಗಿದೆ, ಕೂಗುತ್ತಲೇ ಟೈಪ್ ಮಾಡಿದೆ.

"ಕೇಳಿದೇನ?" ಎಂದು ದೊಡ್ಡಪ್ಪ ಹೆಂಡತಿಗೆ ಹೇಳುವುದು ಕೇಳಿಸಿತು. "ಸ್ವಿಚ್ಚಿನ ಮುಂದಿಂದ ಅತ್ತಾಗ ಸರಿ."

ಮೋಟರು ಗುಂಯ್ ಎಂದಿತು. ಪರದೆಯಲ್ಲಿ ನನ್ನ ಮುಖ ಉಳಿಯಿತು, ಕಪ್ಪಾಗಿ. ಮತ್ತೆ ತಾನೇ ಎದ್ದ ಕಂಪ್ಯೂಟರು ಪಾಸ್‌ವರ್ಡ್ ಕೇಳಿತು. ಹಾಕಿ ಒಳಗೆ ಹೋದಾಗ, ನಿಮ್ಮ ಪರೀಕ್ಷೆ ಅಪೂರ್ಣವಾಗಿದೆ, ಭಾಗವಹಿಸಿದ್ದಕ್ಕೆ ಧನ್ಯವಾದಗಳು ಎಂಬ ಸಂದೇಶ ಆಗಲೇ ಬಂದು ಕೂತಿತ್ತು.

ಅಪ್ಪ ಕಾಲು ತೊಳೆದುಕೊಂಡು ಒಳಗೆ ಬಂದ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಗೆಲುವಿತ್ತು. ಇಬ್ಬರು ಅಣ್ಣತಮ್ಮಂದಿರೂ ಆ ಹೊತ್ತು ಗೆದ್ದಿದ್ದರು. ನನಗೆ ಇಬ್ಬರ ಮೇಲೂ ಹೇಸಿಗೆಯಾಯಿತು.

"ನೌಕರಿ ಹೋದ್ರ ಹೋಗ್ಲಿ ಬಿಡು ರಾಜಿ" ಎಂದ ಅಪ್ಪ, ಮಣೆ ಎಳೆದುಕೊಳ್ಳುತ್ತ. "ಮಂದಿ ಹಂಗಿನಾಗ ಬದುಕೂದು ಅಂದ್ರ ಅದೇನು ಬಾಳೇ? ಬಾ, ಉಣ್ಣಾಕ ನೀಡು. ನೀನೂ ಉಣ್ಣು."